ಕಂಡವರು ಹೇಳಬೇಕು

1999ರ ಆಗಸ್ಟ್ ಹದಿನೈದರಂದು ನಮ್ಮೂರಿನ ಶಾಲೆಯವರು ದೊಡ್ಡಪ್ಪನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಕಾರ್ಗಿಲ್ ಯುದ್ಧ ಆಗಷ್ಟೇ ಮುಗಿದಿತ್ತು. ಊರಿನಲ್ಲಿ ಇದ್ದ ಒಬ್ಬನೇ ಒಬ್ಬ ಮಾಜಿ ಸೈನಿಕರ ಮೇಲೆ ಎಲ್ಲರಿಗೂ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತ್ತು. ದೊಡ್ಡಮ್ಮ ಹಿಂದಿನ ರಾತ್ರಿಯೇ ಟ್ರಂಕಿನಿಂದ ಕೋಟು ತೆಗೆದು ಇಸ್ತ್ರಿ ಮಾಡಿಟ್ಟಿದ್ದರು. ಎಡ ಎದೆಯ ಮೇಲೆ ಪದಕಗಳ ಸಾಲನ್ನು ಪಿನ್ ಹಾಕಿ ನಿಲ್ಲಿಸುವ ಕೆಲಸ ನನ್ನದಾಗಿತ್ತು. ನಿರೂಪಣೆ ಮಾಡುತ್ತಿದ್ದ ಮೇಷ್ಟರು ಅವರನ್ನು ವೇದಿಕೆಗೆ ಕರೆಯುವಾಗ, ‘1971ರ ಯುದ್ಧದಲ್ಲಿ ಶತ್ರುಗಳ ಎದೆ ನಡುಗಿಸಿ ಪರಾಕ್ರಮ ಪದಕ ಪಡೆದ ನಮ್ಮೂರ ವೀರಯೋಧರು’ ಎಂದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಮೈಕಿನ ಮುಂದೆ ಬಂದು ನಿಂತವರು ಒಂದೆರಡು ಕ್ಷಣ ಸುಮ್ಮನಿದ್ದರು. ಆಮೇಲೆ ಎದೆಯ ಮೇಲಿನ ಪದಕಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಹೇಳಿದರು: ‘ಮೇಷ್ಟರು ಪ್ರೀತಿಯಿಂದ ಹೇಳಿದರು, ಅವರದ್ದು ತಪ್ಪಲ್ಲ. ಪರಾಕ್ರಮ ಅಂತ ಹೆಸರಿದೆ, ಆದರೆ ಇದು ಯುದ್ಧದಲ್ಲಿ ಗಾಯ ಆದವರಿಗೆ ಕೊಡುವುದು. ಈ ನಕ್ಷತ್ರ ಪಶ್ಚಿಮದ ಗಡಿಗೆ ಹೋದವರಿಗೆ. ಇದು ಆ ವರ್ಷ ನೌಕರಿಯಲ್ಲಿದ್ದವರಿಗೆ. ಇದು ಒಂಬತ್ತು ವರ್ಷ ಸೇವೆ ಮಾಡಿದವರಿಗೆ. ಶೌರ್ಯಕ್ಕೆ ಕೊಡುವ ಪದಕ ಬೇರೆ, ಮಕ್ಕಳೇ. ಅದು ನನ್ನ ಹತ್ತಿರ ಇಲ್ಲ.’

ನನಗಾಗ ಇಪ್ಪತ್ತೆರಡು ವರ್ಷ. ಮುಖ ಬಿಸಿಯಾಗುವಷ್ಟು ನಾಚಿಕೆಯಾಯಿತು. ಯಾರು ಕೇಳುತ್ತಿದ್ದರು ಇವರನ್ನು? ಚಪ್ಪಾಳೆಯನ್ನು ಸುಮ್ಮನೆ ತೆಗೆದುಕೊಂಡಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ಆ ಪ್ರಶ್ನೆ ಅವತ್ತು ಸಂಜೆ ನನ್ನ ಬಾಯಿಂದ ಹೊರಬಿತ್ತು. ಅದಕ್ಕೆ ಅವರು ಕೊಟ್ಟ ಉತ್ತರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ದೊಡ್ಡಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಪದಕಗಳ ಡಬ್ಬಿ ಈಗ ನನ್ನ ಬೀರುವಿನಲ್ಲಿದೆ. ವರ್ಷಕ್ಕೊಮ್ಮೆ ತೆಗೆದು ಮೆತ್ತನೆಯ ಬಟ್ಟೆಯಿಂದ ಒರೆಸಿಡುತ್ತೇನೆ. ಪಶ್ಚಿಮೀ ಸ್ಟಾರ್ ಐದು ಮೊನೆಯ ಕಂದು ಲೋಹದ ನಕ್ಷತ್ರ, ಸಂಗ್ರಾಮ ಪದಕ ದುಂಡಗಿನ ಬಿಳಿ ಬಿಲ್ಲೆ. ದುಂಡು ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಸಣ್ಣ ಅಕ್ಷರಗಳು ಕಾಣುತ್ತವೆ: ಮೊದಲು ಸಂಖ್ಯೆ, ಆಮೇಲೆ ಹುದ್ದೆ, ಆಮೇಲೆ ಹೆಸರು. ಮುಖಭಾಗ ಲಕ್ಷಾಂತರ ಜನರದ್ದು. ಅಂಚು ಮಾತ್ರ ಒಬ್ಬನದು. ಬೆರಳಿಗೆ ತಾಗುವ ಆ ಅಂಚನ್ನು ಸವರುವಾಗಲೆಲ್ಲ, ಅಂಚಿನ ಮೇಲೆ ಹೆಸರು ಬರದೇ ಹೋದ ಇನ್ನೊಬ್ಬನ ನೆನಪಾಗುತ್ತದೆ.

ಬರೆದದ್ದರಿಂದ ಉಳಿದದ್ದು

ಶೌರ್ಯ ಪದಕಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಮನದಟ್ಟಾದ ಒಂದು ಸಂಗತಿಯೆಂದರೆ, ಅವು ಹುಟ್ಟುವುದು ಯುದ್ಧಭೂಮಿಯಲ್ಲಾದರೂ ಬೆಳೆಯುವುದು ಕಾಗದದ ಮೇಲೆ. ಒಬ್ಬ ಸಿಪಾಯಿ ಏನೋ ಒಂದನ್ನು ಮಾಡುತ್ತಾನೆ. ಪಕ್ಕದಲ್ಲಿದ್ದವನು ಕಾಣುತ್ತಾನೆ. ಕಂಡದ್ದನ್ನು ಅಧಿಕಾರಿಗೆ ಹೇಳುತ್ತಾನೆ. ಅಧಿಕಾರಿ ಶಿಫಾರಸು ಬರೆಯುತ್ತಾರೆ. ಅದು ಬ್ರಿಗೇಡ್, ಡಿವಿಷನ್, ಕೋರ್, ಕಮಾಂಡ್ ಎಂದು ಮೆಟ್ಟಿಲು ಹತ್ತುತ್ತಾ ದೆಹಲಿ ಸೇರಿ, ರಾಷ್ಟ್ರಪತಿಗಳ ಅಂಕಿತ ಬಿದ್ದು, ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಪ್ರತಿ ಮೆಟ್ಟಿಲಲ್ಲಿಯೂ ಯಾರೋ ಒಬ್ಬರು, ಇದನ್ನು ಕಂಡವರು ಯಾರು ಎಂದು ಕೇಳುತ್ತಾರೆ. ಕೇಳಲೇಬೇಕು. ಈ ಜಿಗುಟುತನವನ್ನು ನಾನು ಗೌರವಿಸುತ್ತೇನೆ. 1947ರಿಂದ ಇಂದಿನವರೆಗೆ ಪರಮವೀರ ಚಕ್ರ ಸಿಕ್ಕಿರುವುದು ಕೇವಲ 21 ಮಂದಿಗೆ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಬೇಕಾಬಿಟ್ಟಿ ಹಂಚಿದ್ದರೆ ಆ ಕಂಚಿನ ಬಿಲ್ಲೆಗೆ ಈ ತೂಕ ಬರುತ್ತಿರಲಿಲ್ಲ.

ಆ ಬಿಲ್ಲೆ ನೋಡಲು ಸಾದಾ. ಸುಮಾರು ಮೂರೂವರೆ ಸೆಂಟಿಮೀಟರ್ ಅಗಲ, ನೇರಳೆ ಬಣ್ಣದ ಪಟ್ಟಿ, ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳು. ಅದನ್ನು ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ, ನಮ್ಮ ಪುರಾಣಗಳನ್ನು ನಮಗಿಂತ ಶ್ರದ್ಧೆಯಿಂದ ಓದಿಕೊಂಡವರು. ವಜ್ರಾಯುಧಕ್ಕಾಗಿ ತನ್ನ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕತೆ ಅವರ ಮನಸ್ಸಿನಲ್ಲಿತ್ತು. ಕೊಟ್ಟವನ ಮೈಯಿಂದಲೇ ಆಯುಧ ಆಗುವುದು ಎಂಬ ಕಲ್ಪನೆ ಈ ಪದಕಕ್ಕೆ ಎಷ್ಟು ಒಪ್ಪುತ್ತದೆ ಎಂದು ಯೋಚಿಸಿದಾಗಲೆಲ್ಲ ಮೈ ಜುಂ ಎನ್ನುತ್ತದೆ. ಮೊದಲ ಪರಮವೀರ ಚಕ್ರ ಸಂದದ್ದು ಅವರ ಹಿರಿಯ ಮಗಳ ಗಂಡನ ಸಹೋದರ ಮೇಜರ್ ಸೋಮನಾಥ ಶರ್ಮಾ ಅವರಿಗೆ. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮಿನಲ್ಲಿ, ಪ್ಲಾಸ್ಟರ್ ಹಾಕಿದ್ದ ಕೈಯಲ್ಲಿಯೇ ಮದ್ದುಗುಂಡು ತುಂಬಿಕೊಡುತ್ತಾ ಅವರು ಹೋರಾಡಿದರು. ಶತ್ರು ಕೂಗಳತೆಯಷ್ಟು ಹತ್ತಿರ ಬಂದಾಗಲೂ ಹಿಂದೆ ಸರಿಯುವುದಿಲ್ಲ ಎಂದು ವೈರ್‌ಲೆಸ್‌ನಲ್ಲಿ ಬ್ರಿಗೇಡಿಗೆ ತಿಳಿಸಿದರು. ಆ ಮಾತು ತಂತಿಯಿಲ್ಲದ ದಾರಿಯಲ್ಲಿ ಹಾದು ಇನ್ನೊಂದು ತುದಿಯಲ್ಲಿದ್ದವರ ಕಿವಿಗೆ ಬಿತ್ತು, ಅವರು ಅದನ್ನು ಬರೆದಿಟ್ಟರು.

ನಮ್ಮ ಕಾರವಾರದ ಪಕ್ಕದ ಚೆಂಡಿಯಾ ಊರಿನ ರಾಮ ರಾಘೋಬ ರಾಣೆಯವರ ಕತೆ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಪೊಲೀಸ್ ಪೇದೆಯೊಬ್ಬರ ಮಗ. 1940ರಲ್ಲಿ ಸೈನ್ಯಕ್ಕೆ ಸೇರಿ, ಬರ್ಮಾದ ಕಾಡುಗಳಲ್ಲಿ ಕಾದಾಡಿ, ಮುಂದೆ ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದವರು. 1948ರ ಏಪ್ರಿಲ್ 8ರಿಂದ 11ರವರೆಗೆ ಅವರು ಮಾಡಿದ್ದು ದಾರಿ ಬಿಡಿಸುವ ಕೆಲಸ. ನೌಶೇರಾದಿಂದ ರಾಜೌರಿಗೆ ಹೋಗುವ ರಸ್ತೆಯ ಉದ್ದಕ್ಕೂ ಶತ್ರುಗಳು ನೆಲಬಾಂಬ್ ಹೂತಿದ್ದರು, ದೊಡ್ಡ ದೊಡ್ಡ ಪೈನ್ ಮರಗಳನ್ನು ಕಡಿದು ಅಡ್ಡ ಕೆಡವಿದ್ದರು. ಮೊದಲ ದಿನವೇ ಮಾರ್ಟರ್ ದಾಳಿಯಲ್ಲಿ ರಾಣೆಯವರ ಇಬ್ಬರು ಸಂಗಡಿಗರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯವಾಯಿತು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಅವರು ಕೆಲಸ ಮುಂದುವರಿಸಿದರು. ಗುಂಡು ಹಾರುತ್ತಿರುವಾಗ ಮುಂದೆ ಹೋಗುವುದು ಹೇಗೆ? ಅವರು ಟ್ಯಾಂಕಿನ ಅಡಿಗೆ ನುಸುಳಿದರು. ಎರಡೂ ಬದಿಯಲ್ಲಿ ಉಕ್ಕಿನ ಪಟ್ಟಿ ಉರುಳುತ್ತಿರಲು, ನಡುವಿನ ಜಾಗದಲ್ಲಿ ತೆವಳುತ್ತಾ, ಮೇಲಿರುವ ಚಾಲಕನಿಗೆ ಹಗ್ಗ ಎಳೆದು ಸೂಚನೆ ಕೊಡುತ್ತಾ ಟ್ಯಾಂಕಿನ ಜೊತೆಜೊತೆಗೆ ಸಾಗಿದರು. ನಾನು ಆ ಹಗ್ಗದ ಬಗ್ಗೆ ಬಹಳ ಯೋಚಿಸಿದ್ದೇನೆ. ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ತುದಿ ತನಗೆ ಕಾಣದ ಮನುಷ್ಯನನ್ನು ಪೂರ್ತಿ ನಂಬಿದ ಚಾಲಕನ ಬಳಿ. ಒಂದು ಕ್ಷಣ ತಪ್ಪು ಎಳೆತ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು.

ಗಮನಿಸಬೇಕಾದ್ದೆಂದರೆ, ದೇಶದ ಅತ್ಯುನ್ನತ ಯುದ್ಧಪದಕ ಇಲ್ಲಿ ಸಂದಿರುವುದು ಮಣ್ಣು ಕೆದರಿ, ಮರ ಸರಿಸಿ, ಬಾಂಬು ಕಿತ್ತು ದಾರಿ ಮಾಡಿದ ನಾಲ್ಕು ದಿನದ ದುಡಿಮೆಗೆ. ಆ ದಾರಿಯಲ್ಲೇ ಟ್ಯಾಂಕುಗಳು ರಾಜೌರಿ ತಲುಪಿದವು, ಅಲ್ಲಿ ಸಿಕ್ಕಿಬಿದ್ದಿದ್ದ ಜನರ ಜೀವ ಉಳಿಯಿತು. ರಾಣೆಯವರ ಹಿಂದೆ ಇಡೀ ಟ್ಯಾಂಕ್ ಸಾಲು ಇತ್ತು. ಕಂಡವರು ಬಹಳ ಮಂದಿ, ಬದುಕಿ ಉಳಿದು ಹೇಳಿದರು. ಕಾರವಾರದ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ನಿಂತಿರುವ ಅವರ ಪ್ರತಿಮೆಯ ಮುಂದೆ ನಾನು ಒಂದು ಮಧ್ಯಾಹ್ನ ಬಹಳ ಹೊತ್ತು ನಿಂತಿದ್ದೆ. ಉಪ್ಪುಗಾಳಿ ಬೀಸುತ್ತಿತ್ತು. ನೌಕೆ ನೋಡಿ ಹೊರಬಂದ ಮಗುವೊಂದು ಅಪ್ಪನ ಕೈ ಎಳೆದು ‘ಇವರು ಯಾರು?’ ಎಂದು ಕೇಳಿತು. ಅಪ್ಪ ಫಲಕ ಓದಿ ಹೇಳಿದರು. ಓದಿ ಹೇಳುವುದಕ್ಕೆ ಅಲ್ಲಿ ಏನೋ ಒಂದು ಬರೆದಿತ್ತಲ್ಲ ಎಂದು ನನಗೆ ಸಮಾಧಾನವಾಯಿತು.

ಶತ್ರು ಹೇಳಿದ ಸಾಕ್ಷಿ

ಕಂಡವರು ಇಲ್ಲದಿದ್ದರೆ? ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕತೆ ಕೊಡಗಿನವರಿಗೆ ಹೊಸತಲ್ಲ. ಆದರೆ ಈ ಪ್ರಶ್ನೆ ಇಟ್ಟುಕೊಂಡು ಮತ್ತೊಮ್ಮೆ ನೋಡಿ. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಾಗ ದೇವಯ್ಯನವರು ಇದ್ದದ್ದು ಕಾದಿರಿಸಿದ ಪಟ್ಟಿಯಲ್ಲಿ, ಯಾರಾದರೂ ಹಿಂದುಳಿದರೆ ಆ ಜಾಗಕ್ಕೆ ಹೋಗಬೇಕಾದವರು. ಹೋದರು. ದಾಳಿ ಮುಗಿಸಿ ಎಲ್ಲರೂ ಹಿಂತಿರುಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅವರ ಬೆನ್ನಿಗೆ ಬಿತ್ತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಇವರದು ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದ್ದು. ಪೆಟ್ಟು ತಿಂದ ವಿಮಾನವನ್ನು ಅವರು ಮನೆಯ ಕಡೆ ತಿರುಗಿಸಲಿಲ್ಲ, ಬೆನ್ನಟ್ಟಿದವನ ಕಡೆಗೇ ತಿರುಗಿಸಿ ಅದನ್ನು ಹೊಡೆದು ಕೆಡವಿದರು. ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಿಂದ ಇಳಿದು ಬದುಕಿಕೊಂಡ. ದೇವಯ್ಯ ಹಿಂತಿರುಗಲಿಲ್ಲ.

ಉಳಿದ ಪೈಲಟ್‌ಗಳು ಆಗಲೇ ಗಡಿಯತ್ತ ಮುಖ ಮಾಡಿದ್ದರು. ಆ ಕಾಳಗವನ್ನು ನಮ್ಮವರು ಯಾರೂ ಕಂಡಿರಲಿಲ್ಲ. ದೇವಯ್ಯನವರ ಹೆಸರಿನ ಮುಂದೆ ‘ನಾಪತ್ತೆ’ ಎಂಬ ಶಬ್ದ ಬಿತ್ತು. ವರ್ಷಗಳು ಉರುಳಿದ ಮೇಲೆ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧದ ಇತಿಹಾಸ ಬರೆದಾಗ, ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ಗೆ ಬಲಿಯಾದ ಸಂಗತಿ ಹೊರಬಂತು. ಅಂದು ಹಿಂತಿರುಗದ ಮಿಸ್ಟೇರ್ ಯಾರದು ಎಂದು ಇಲ್ಲಿನವರು ಲೆಕ್ಕ ಹಾಕಿದರು. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಆ ವೃತ್ತವನ್ನು ಹಾದು ಬಸ್ ತಿರುಗುವಾಗಲೆಲ್ಲ ನಾನು ಯೋಚಿಸುತ್ತೇನೆ: ಅಮ್ಜದ್ ಹುಸೇನ್ ಬದುಕಿ ಉಳಿಯದಿದ್ದರೆ? ಇವರ ಧೈರ್ಯ ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ನಮಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ, ಅದನ್ನೂ ಅಷ್ಟೇ ಗೌರವದಿಂದ ಹೇಳಬೇಕು. ಕಾರ್ಗಿಲ್‌ನ ಟೈಗರ್ ಹಿಲ್ ಕದನದಲ್ಲಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಎಂಬುದು ಹುದ್ದೆಯಲ್ಲ, ಅವನ ಹೆಸರೇ) ಕಾದಾಡಿದ ರೀತಿಯನ್ನು ಎದುರು ನಿಂತು ಕಂಡವರು ನಮ್ಮವರು. ಶವವನ್ನು ಹಿಂದಿರುಗಿಸುವಾಗ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಆ ಯುವಕನ ಜೇಬಿನಲ್ಲಿ ಒಂದು ಚೀಟಿ ಇರಿಸಿದರು. ಈತ ಬಹಳ ಧೈರ್ಯದಿಂದ ಹೋರಾಡಿದ್ದಾನೆ, ಇವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬುದು ಆ ಚೀಟಿಯ ಸಾರ. ಪಾಕಿಸ್ತಾನ ಅವನಿಗೆ ತನ್ನ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ತನ್ನ ಹುಡುಗರನ್ನು ಕೊಂದವನ ಬಗ್ಗೆ ಹಾಗೆ ಬರೆಯಲು ಎಂಥ ಎದೆ ಬೇಕು! ಬಾಜ್ವಾ ಅವರ ಆ ಚೀಟಿಗೂ ಒಂದು ಪದಕ ಇದ್ದಿದ್ದರೆ ಎಂದು ನನಗನ್ನಿಸಿದ್ದುಂಟು.

ಚೀನಾ ಯುದ್ಧದಲ್ಲಿ, ಲಡಾಖಿನ ರೆಜಾಂಗ್ ಲಾದಲ್ಲಿ ಸಾಕ್ಷಿ ಹೇಳಿದ್ದು ಹೆಣಗಳು. 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂನ್ ಕಂಪನಿಯ ನೂರಕ್ಕೂ ಹೆಚ್ಚು ಮಂದಿ ಅಲ್ಲಿ ಮಡಿದರು. ಬದುಕಿ ಬಂದ ಬೆರಳೆಣಿಕೆಯ ಮಂದಿ ಹೇಳಿದ್ದನ್ನು ಮೊದಮೊದಲು ಹಲವರು ನಂಬಲೇ ಇಲ್ಲ. ಮುಂದಿನ ವರ್ಷ ಕುರಿಗಾಹಿಯೊಬ್ಬ ಕಂಡ ಮೇಲೆ ಹೋಗಿ ನೋಡಿದರೆ, ಹಿಮದಲ್ಲಿ ಹೆಪ್ಪುಗಟ್ಟಿದ ಯೋಧರು ಕಂದಕಗಳಲ್ಲಿ ಆಯುಧ ಹಿಡಿದಂತೆಯೇ ಇದ್ದರು. ಆ ದೃಶ್ಯಕ್ಕೆ ಎದುರು ಮಾತು ಇರಲಿಲ್ಲ. ಕಾಗದ ಎಡವುವುದು ಇನ್ನೊಂದು ಬಗೆಯಲ್ಲಿಯೂ ಉಂಟು. ಪ್ಯಾಂಗಾಂಗ್ ಸರೋವರದ ಬಳಿ ಕಾದಾಡಿದ ಮೇಜರ್ ಧನ್ ಸಿಂಗ್ ಥಾಪಾ ಅವರಿಗೆ ಮರಣೋತ್ತರ ಎಂದೇ ಪರಮವೀರ ಚಕ್ರ ಘೋಷಣೆಯಾಗಿತ್ತು, ಮನೆಯವರು ಉತ್ತರಕ್ರಿಯೆಯನ್ನೂ ಮುಗಿಸಿದ್ದರು. ಅವರು ಚೀನಾದ ಸೆರೆಯಲ್ಲಿ ಜೀವಂತವಾಗಿದ್ದರು! ಕಾರ್ಗಿಲ್‌ನ ಯೋಗೇಂದ್ರ ಸಿಂಗ್ ಯಾದವ್ ಅವರ ಪದಕವನ್ನೂ ಮೊದಲು ಮರಣೋತ್ತರವೆಂದೇ ಪ್ರಕಟಿಸಿದ್ದರು, ಅವರು ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಹಾಗೆ ತಪ್ಪುವುದು ಒಳ್ಳೆಯ ತಪ್ಪು.

ಇನ್ನು, ಕಂಡವರು ಇದ್ದೂ ಹೇಳದೇ ಹೋದದ್ದಕ್ಕೆ ಏನೆನ್ನೋಣ? ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಕಪ್ಪು ಜನಾಂಗದವರು ಅಮೆರಿಕದ ಸೈನ್ಯದಲ್ಲಿ ದುಡಿದರೂ ಆ ಕಾಲದಲ್ಲಿ ಅವರಲ್ಲಿ ಒಬ್ಬರಿಗೂ ಆ ದೇಶದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಗಲಿಲ್ಲ. ಹಳೆಯ ದಾಖಲೆಗಳನ್ನು ಮತ್ತೆ ತೆರೆದು ನೋಡಿ 1997ರಲ್ಲಿ ಏಳು ಮಂದಿಗೆ ಕೊಟ್ಟರು. ಕೈಯಾರೆ ಪಡೆಯಲು ಉಳಿದಿದ್ದವರು ವರ್ನನ್ ಬೇಕರ್ ಒಬ್ಬರೇ. ಮೊಹರು ಬಿದ್ದ ಕಡತವನ್ನು ಮತ್ತೆ ತೆರೆಯುವುದು ಸೇನೆಗೆ ಅವಮಾನವಲ್ಲ ಎಂದೇ ನನ್ನ ನಂಬಿಕೆ. ದೇವಯ್ಯನವರಿಗಾಗಿ ನಮ್ಮವರೂ ತೆರೆದರಲ್ಲ.

ಕೆರೆ ಏರಿಯ ಮೇಲೆ

ನಮ್ಮೂರ ಕೆರೆ ಏರಿಯ ಕೊನೆಗೆ ಒಂದು ವೀರಗಲ್ಲು ಇದೆ. ಮೂರು ಅಂತಸ್ತು. ಕೆಳಗೆ ಬಿಲ್ಲು ಹಿಡಿದವನು, ಅವನ ಹಿಂದೆ ಸಾಲಾಗಿ ದನಗಳು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ, ತುದಿಯಲ್ಲಿ ಸೂರ್ಯ, ಚಂದ್ರ. ಬರಹ ಮಳೆಗೆ ಸವೆದು ಹೋಗಿದೆ. ತುರುಗೊಳ್ಳುವವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ಕನ್ನಡ ನಾಡಿನಲ್ಲಿ ಇಂಥವು ಸಾವಿರಾರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಯಾವ ರಾಜನೂ ಹೆಸರು ಕೇಳದ ಮನುಷ್ಯರದ್ದು. ಊರಿನ ದನ ಊರಿಗೆ ಹಿಂತಿರುಗಿತು, ಬಿಡಿಸಿದವನು ಹಿಂತಿರುಗಲಿಲ್ಲ, ಅಷ್ಟನ್ನು ಊರೇ ಕಂಡಿತ್ತು. ಸತ್ತವನ ಮನೆಗೆ ನೆತ್ತರುಗೊಡಗೆ ಎಂದು ಹೊಲ ಬಿಡುತ್ತಿದ್ದರು. ಆತಕೂರಿನ ಕಲ್ಲನ್ನು ಬೆಂಗಳೂರಿನ ಮ್ಯೂಸಿಯಂನಲ್ಲಿ ನೋಡಿದವರು ಇರಬಹುದು, ಕ್ರಿ.ಶ. 949–50ರದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಮೆಚ್ಚಿದ ಒಡೆಯ, ಬೇಕಾದ್ದು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದಿಗೆ ಕಾದಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದ. ನಾಯಿ ಹೇಗೆ ಹೋರಾಡಿತೆಂದು ಅವನು ಕಂಡಿದ್ದ, ಕಂಡದ್ದನ್ನು ಕಲ್ಲಿನ ಮೇಲೆ ಕೊರೆಸುವವರೆಗೆ ಅವನಿಗೆ ಸಮಾಧಾನವಿರಲಿಲ್ಲ.

ಅವತ್ತು ಸಂಜೆ ದೊಡ್ಡಪ್ಪ ಕೂತಿದ್ದದ್ದು ನಮ್ಮೂರಿನ ಆ ಕಲ್ಲಿನ ಪಕ್ಕದಲ್ಲಿ. ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ‘ಸುಮ್ಮನೆ ಇದ್ದುಬಿಟ್ಟಿದ್ದರೆ ಆಗುತ್ತಿರಲಿಲ್ಲವೇ, ದೊಡ್ಡಪ್ಪ?’ ಎಂದೆ. ಅವರು ಕೆರೆಯ ನೀರನ್ನೇ ನೋಡುತ್ತಾ, ‘ಇನ್ನೊಬ್ಬರದ್ದನ್ನು ನಾನು ಹೇಗೆ ಹಾಕಿಕೊಳ್ಳಲಿ, ಮಗೂ?’ ಎಂದರು.

ಆಮೇಲೆ ಹೇಳಿದರು. 1971ರ ಡಿಸೆಂಬರ್, ಪಶ್ಚಿಮದ ಗಡಿ, ರಾತ್ರಿ. ನೆಲಬಾಂಬಿನ ಹೊಲವನ್ನು ದಾಟಬೇಕಿತ್ತು. ಎಂಜಿನಿಯರುಗಳು ಬಿಡಿಸಿಕೊಟ್ಟ ಕಿರುದಾರಿಗೆ ಎರಡೂ ಕಡೆ ಬಿಳಿ ಪಟ್ಟಿ ಎಳೆದಿದ್ದರು. ನಡುದಾರಿಯಲ್ಲಿರುವಾಗ ಫಿರಂಗಿಯ ಗುಂಡು ಸುರಿಯತೊಡಗಿತು. ಚೂರು ಬಡಿದು ದೊಡ್ಡಪ್ಪನ ತೊಡೆ ಸೀಳಿತು, ಇನ್ನೂ ಕೆಲವರು ಬಿದ್ದರು. ಅವರ ಸೆಕ್ಷನ್ನಿನ ಒಬ್ಬ ಹುಡುಗ, ಅವರಿಗಿಂತ ಎರಡು ವರ್ಷ ಚಿಕ್ಕವನು, ಗಾಯಾಳುಗಳನ್ನು ಬೆನ್ನ ಮೇಲೆ ಹೊತ್ತು ಹಿಂದಕ್ಕೆ ಸಾಗಿಸತೊಡಗಿದ. ಬಿಳಿ ಪಟ್ಟಿ ಅಲ್ಲಲ್ಲಿ ಹರಿದು ಹೋಗಿತ್ತು, ಕಾಲಿಡುವ ಜಾಗ ಕಾಣುತ್ತಿರಲಿಲ್ಲ. ಅವನು ದೊಡ್ಡಪ್ಪನನ್ನೂ ಹೊತ್ತ. ಅವನ ಕುತ್ತಿಗೆಯ ಬೆವರು ತಣ್ಣಗೆ ಕೆನ್ನೆಗೆ ತಾಗಿದ್ದು ಇನ್ನೂ ನೆನಪಿದೆ ಎಂದರು ದೊಡ್ಡಪ್ಪ. ಇಳಿಸಿ, ‘ಇನ್ನೂ ಒಬ್ಬ ಇದ್ದಾನೆ’ ಎಂದು ಹೇಳಿ ಅವನು ಹೋದ. ಅವನು ವಾಪಸ್ ಬರಲಿಲ್ಲ. ಅವನು ಹೊತ್ತು ತಂದ ಗಾಯಾಳುಗಳಲ್ಲಿ ಬೆಳಗಿನವರೆಗೆ ಉಳಿದವರು ದೊಡ್ಡಪ್ಪ ಒಬ್ಬರೇ. ಪ್ಲಟೂನಿನ ಅಧಿಕಾರಿಯೂ ಅದೇ ರಾತ್ರಿ ಹೋದರು. ದೊಡ್ಡಪ್ಪ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಪಲ್ಟನ್ನಿಗೆ ಮರಳಿದಾಗ ಹೆಸರುಗಳ ಪಟ್ಟಿ ಹೋಗಿಯಾಗಿತ್ತು. ಒಬ್ಬ ಹಿರಿಯರ ಬಳಿ ಹೇಳಿದರಂತೆ. ಅವರು ತಲೆ ಸವರಿ, ‘ಈಗ ಯಾರು ಕೇಳುತ್ತಾರಪ್ಪಾ’ ಎಂದರಂತೆ. ‘ನಾನು ಇನ್ನೊಮ್ಮೆ ಹೇಳಬೇಕಾಗಿತ್ತು. ಬರೆದಾದರೂ ಕೊಡಬೇಕಾಗಿತ್ತು. ಕಂಡವನು ನಾನೊಬ್ಬನೇ. ಊರಿಗೆ ರಜೆಯಲ್ಲಿ ಹೋಗಬೇಕೆಂಬ ಆತುರದಲ್ಲಿ ಸುಮ್ಮನಾಗಿಬಿಟ್ಟೆ.’ ಇಪ್ಪತ್ತೇಳು ವರ್ಷಗಳ ಆಚೆಯ ಆ ಸುಮ್ಮನಾದದ್ದನ್ನು ಹೇಳುವಾಗ ಅವರ ದವಡೆ ನಡುಗುತ್ತಿತ್ತು. ಕತ್ತಲಾಗುತ್ತಿತ್ತು, ನಾನು ಅವರ ಮುಖ ನೋಡಲಿಲ್ಲ.

ಆ ಹುಡುಗನ ಹೆಸರನ್ನೂ ಊರನ್ನೂ ಅವರು ನನಗೆ ಹೇಳಿದ್ದಾರೆ. ಅವನ ಮನೆಯವರನ್ನು ಹುಡುಕಿ, ಕೇಳಿ, ಒಪ್ಪಿಗೆ ಪಡೆಯದೆ ಇಲ್ಲಿ ಬರೆಯುವುದು ಸರಿಯಲ್ಲ. ಆದರೆ ಅವರಿಗೊಂದು ಪತ್ರ ಬರೆಯಬೇಕೆಂದು ಕೂತಾಗ ಲೇಖನಿ ನಿಂತದ್ದು ಒಂದು ಅಂಕಿಯ ಮುಂದೆ. ನಿಮ್ಮ ಅಣ್ಣ ಅಷ್ಟು ಮಂದಿಯನ್ನು ಹೊತ್ತು ತಂದರು ಎಂದು ಬರೆಯಬೇಕಲ್ಲ, ಎಷ್ಟು ಮಂದಿಯನ್ನು? ದೊಡ್ಡಪ್ಪ ಕೆರೆ ಏರಿಯ ಮೇಲೆ ಬೆರಳು ಎತ್ತಿ ಹೇಳಿದ್ದರು. ಅವರ ಕೈ ಕಣ್ಣಿಗೆ ಕಟ್ಟಿದಂತಿದೆ. ಬೆರಳು ಮೂರೋ, ನಾಲ್ಕೋ? ಕೊನೆಯ ಸಲ ಅವನು ಹೋದದ್ದು ಮೂರನೆಯ ಸಲವೋ ನಾಲ್ಕನೆಯದೋ? ಅವತ್ತೇ ರಾತ್ರಿ ಒಂದು ಹಾಳೆಯ ಮೇಲೆ ಗೀಚಿಟ್ಟಿದ್ದರೆ ಸಾಕಾಗಿತ್ತು. ಆಮೇಲೆಯೂ ದೊಡ್ಡಪ್ಪ ಎಷ್ಟೋ ವರ್ಷ ನಮ್ಮ ನಡುವೆಯೇ ಇದ್ದರು, ನಾನು ಮತ್ತೆ ಕೇಳಲಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ದೊಡ್ಡಮ್ಮನ ಪಕ್ಕದಲ್ಲಿ ಕೂತು ಮೆಲ್ಲಗೆ ವಿಷಯ ತೆಗೆದೆ. ಆ ರಾತ್ರಿಯ ಬಗ್ಗೆ, ಆ ಹುಡುಗನ ಬಗ್ಗೆ ದೊಡ್ಡಪ್ಪ ನಿಮ್ಮ ಹತ್ತಿರ ಏನಾದರೂ ಹೇಳಿದ್ದರೇ ಎಂದು ಕೇಳಿದೆ. ದೊಡ್ಡಮ್ಮ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

‘ಯಾವ ಹುಡುಗ?’ ಎಂದರು.